ರಿಸೀವರ್ ಮಗ್ಗ ಒಯ್ದರೆ

"ಅವನು ದಿವಾಳಿ ಎದ್ದ", "ಪಾಪರಾದ" ಅಂತ ಊರಲ್ಲಿ ಆಡಿಕೊಳ್ಳೋದನ್ನು ನಾವು ಕೇಳಿದ್ದೇವೆ. ಊರಲ್ಲಿ ಅದು ಬೈಗುಳ. ಕೋರ್ಟಿನಲ್ಲಿ ಅದು ಬೈಗುಳ ಅಲ್ಲ, ಒಂದು ಆದೇಶ. ಸಾಲ ತೀರಿಸಲು ಶಕ್ತಿ ಇಲ್ಲದವರನ್ನು ಕೋರ್ಟು ದಿವಾಳಿ ಎಂದು ಘೋಷಿಸುತ್ತದೆ. ಸಾಲ ಮಾಡಿದವರೇ ಅರ್ಜಿ ಹಾಕಬಹುದು. ಸಾಲ ಕೊಟ್ಟವರೂ ಹಾಕಬಹುದು.

ಇದರ ಕಾಯ್ದೆ 1920ರದು. ನಮ್ಮ ಅಜ್ಜಿಯರ ಕಾಲದ್ದು! 2016ರಲ್ಲಿ ಹೊಸ ಕಾಯ್ದೆ ಬಂತು. ಆದರೆ ನಮ್ಮಂಥ ಸಾಮಾನ್ಯ ಮನೆಯವರ ಸಾಲದ ಭಾಗ ಅದರಲ್ಲಿ ಇನ್ನೂ ಜಾರಿಗೆ ಬಂದಿಲ್ಲ. ಹಳೆಯದೇ ನಡೆಯುತ್ತಿದೆ.

ಆದೇಶ ಆದ ಮೇಲೆ ಆಸ್ತಿಯೆಲ್ಲ ಕೋರ್ಟಿನ ವಶ. ಅದನ್ನು ನೋಡಿಕೊಳ್ಳಲು ಕೋರ್ಟು ಒಬ್ಬರನ್ನು ನೇಮಿಸುತ್ತದೆ. ಅವರೇ ರಿಸೀವರ್. ಆಸ್ತಿ ಮಾರಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚುವುದು ಅವರ ಕೆಲಸ.

ಒಂದು ನೇಕಾರರ ಮನೆ ಅಂತ ಇಟ್ಟುಕೊಳ್ಳೋಣ. ಗಂಡ ದಿವಾಳಿ ಆಗಿದ್ದಾನೆ. ರಿಸೀವರ್ ಬಂದು ಕೈಮಗ್ಗ ಬಿಚ್ಚಿಸುತ್ತಿದ್ದಾರೆ.

"ಸಾಹೇಬ್ರೇ, ಮಗ್ಗ ಒಂದು ಬಿಟ್ಟು ಹೋಗಿ. ಅದೇ ನಮ್ಮ ಅನ್ನ" ಅಂತಾಳೆ ಹೆಂಡತಿ.

"ನಿನ್ನ ಗಂಡ ದಿವಾಳಿ ಕಣಮ್ಮಾ. ನೀವಿನ್ನು ಏನೂ ಕೇಳಂಗಿಲ್ಲ" ಅಂತಾರೆ ಅವರು.

ಈ ಮಾತು ಸರಿಯೇ? ಸರಿಯಲ್ಲ.

ಅಡುಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಕೊರಳ ತಾಳಿ, ಕಸುಬುದಾರರ ಉಪಕರಣ, ರೈತರ ನೇಗಿಲು, ಎತ್ತು, ಬಿತ್ತನೆ ಬೀಜ ಇವನ್ನೆಲ್ಲ ಸಾಲಕ್ಕೆ ಜಪ್ತಿ ಮಾಡಬಾರದು ಎಂದು ಕಾನೂನಿದೆ. ರೈತರು, ಕೂಲಿಯವರು ವಾಸವಾಗಿರುವ ಸ್ವಂತ ಮನೆಗೂ ಈ ರಕ್ಷಣೆ ಇದೆ. ಅಡವಿಟ್ಟಿದ್ದರೆ ಮಾತ್ರ ಬೇರೆ ಮಾತು. ದಿವಾಳಿ ಆದವರಿಗೂ ಇದೇ ಕಾನೂನು. ನೇಕಾರರಿಗೆ ಕೈಮಗ್ಗವೇ ಉಪಕರಣ.

ಹಾಗಿದ್ದೂ ಒಯ್ದರೆ? ರಿಸೀವರ್ ದೊಡ್ಡವರಿರಬಹುದು, ಆದರೆ ಅವರಿಗೂ ಯಜಮಾನ ಕೋರ್ಟು. ಅವರು ಮಾಡಿದ್ದು ತಪ್ಪು ಅನ್ನಿಸಿದರೆ ಕೋರ್ಟಿಗೆ ಅರ್ಜಿ ಹಾಕಬಹುದು. ದಿವಾಳಿ ಆದವರು ಹಾಕಬಹುದು. ತೊಂದರೆಗೊಳಗಾದ ಬೇರೆ ಯಾರಾದರೂ ಹಾಕಬಹುದು. ಅಂದ್ರೆ ಹೆಂಡತಿಯೂ ಹಾಕಬಹುದು! ರಿಸೀವರ್ ಮಾಡಿದ್ದನ್ನು ಕೋರ್ಟು ಎತ್ತಿ ಹಿಡಿಯಬಹುದು, ಬದಲಿಸಬಹುದು, ರದ್ದು ಮಾಡಬಹುದು.

ಆದರೆ ಗಡುವು 21 ದಿನ ಮಾತ್ರ. ಆ ಕೆಲಸ ನಡೆದ ದಿನದಿಂದ ಲೆಕ್ಕ. 21 ದಿನ ದಾಟಿತೋ, ಅರ್ಜಿ ತಗೊಳ್ಳೋದಿಲ್ಲ. ಎಷ್ಟೋ ಜನ ಸೋಲುವುದು ಇಲ್ಲೇ. "ಹಬ್ಬ ಮುಗೀಲಿ, ನೋಡೋಣ" ಅಂತ ಕೂತುಬಿಡ್ತಾರೆ.

ಜಾಗವನ್ನು ಅಗ್ಗಕ್ಕೆ ಮಾರಿದರೂ ಹೀಗೇ ಕೇಳಬಹುದು. ಯಾಕಂದ್ರೆ ಎಲ್ಲರ ಸಾಲ, ಬಡ್ಡಿ, ಖರ್ಚು ತೀರಿ ಹಣ ಮಿಕ್ಕರೆ ಅದು ದಿವಾಳಿ ಆದವರಿಗೇ ವಾಪಸು ಬರಬೇಕು. ಆದರೆ "ಕಡಿಮೆಗೆ ಹೋಯ್ತು ಸ್ವಾಮೀ" ಎಂದು ಅತ್ತರೆ ಸಾಲದು. ಪಕ್ಕದ ಜಾಗ ಎಷ್ಟಕ್ಕೆ ಮಾರಾಟವಾಯಿತು ಎಂಬ ನೋಂದಣಿ ಪತ್ರದ ನಕಲು ಬೇಕು.

ದಿವಾಳಿ ಆದೇಶವೇ ತಪ್ಪಾಗಿದ್ದರೆ? ಕೆಳಗಿನ ಕೋರ್ಟಿನ ಆದೇಶದ ಮೇಲೆ 30 ದಿನದೊಳಗೆ ಜಿಲ್ಲಾ ಕೋರ್ಟಿಗೆ ಅಪೀಲು ಹೋಗಬಹುದು. ಆದೇಶ ಕೊಟ್ಟದ್ದು ಜಿಲ್ಲಾ ಕೋರ್ಟೇ ಆದರೆ 90 ದಿನದೊಳಗೆ ಹೈಕೋರ್ಟಿಗೆ. ಸಾಲ ಪೂರ್ತಿ ತೀರಿಸಿದರೂ ಆದೇಶ ರದ್ದಾಗುತ್ತದೆ.

ತವರಿನವರು ಕೊಟ್ಟ ಒಡವೆ ಗಂಡನ ಆಸ್ತಿಯಲ್ಲ. ಸ್ತ್ರೀಧನ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಸ್ಪಷ್ಟವಾಗಿ ಹೇಳಿದೆ. ರಿಸೀವರ್ ಅದನ್ನು ಎತ್ತಿಕೊಂಡರೆ ನಿಮ್ಮದೆಂದು ನೀವೇ ಅರ್ಜಿ ಹಾಕಿ. ಆದರೆ ಸಾಲ ಕತ್ತಿಗೆ ಬಂದ ಮೇಲೆ ಗಂಡ ಮನೆಯನ್ನು ಹೆಂಡತಿ ಹೆಸರಿಗೆ ದಾನಪತ್ರ ಬರೆದುಬಿಡುವುದುಂಟು. ಹಿಂದಿನ 2 ವರ್ಷದೊಳಗಿನ ಅಂಥ ಪತ್ರವನ್ನು ಕೋರ್ಟು ರದ್ದು ಮಾಡಬಹುದು. ಈ ಜಾಣತನ ನಂಬಬೇಡಿ.

ಜೈಲಿನ ಭಯವೂ ಇರುತ್ತದೆ. ಕೊಡುವ ಶಕ್ತಿಯೇ ಇಲ್ಲದವರನ್ನು ಬರೀ ಸಾಲಕ್ಕಾಗಿ ಜೈಲಿಗೆ ಹಾಕಬಾರದು ಎಂದು 1980ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣದ ಡಿಕ್ರಿಗಾಗಿ ಹೆಂಗಸರನ್ನಂತೂ ಸಿವಿಲ್ ಜೈಲಿಗೆ ಕಳಿಸುವಂತೆಯೇ ಇಲ್ಲ.

"ವಕೀಲರಿಗೆ ದುಡ್ಡು ಎಲ್ಲಿಂದ ತರೋದು ಮೇಡಂ?" ಅಂತ ನೀವು ಕೇಳ್ತೀರಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಅಲ್ಲಿ ವಕೀಲರು ಉಚಿತ. ಆದಾಯ ಎಷ್ಟೆಂದು ಕೇಳುವುದಿಲ್ಲ. ರಿಸೀವರ್ ಕೊಟ್ಟ ಕಾಗದ ತಗೊಂಡು ಹೋಗಿ. ಹೋಗುವ ಮುಂಚೆ ಅದರ ಮೇಲಿನ ತಾರೀಕನ್ನು ನೀವೇ ಓದಿ.

ಈಗ ಗೋಡೆಯ ಕ್ಯಾಲೆಂಡರ್ ತನ್ನಿ. ರಿಸೀವರ್ ಮಗ್ಗ ಒಯ್ದದ್ದು ಜೂನ್ 3ಕ್ಕೆ. ಮರುದಿನದಿಂದ ಒಂದು, ಎರಡು ಎಂದು ಬೆರಳಿಟ್ಟು ಎಣಿಸಿ. ಅರ್ಜಿ ಹಾಕಲು ಕಡೆಯ ದಿನ ಯಾವುದು?