ಅರಿಸಿನದ ಗುಳಿಗೆಯೂ ಯಕೃತ್ತೂ



ಕಳೆದ ವರುಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಲ್ಲಗುಂಪೆಗೆ ಬಂದಿದ್ದಳು. “ಅಮ್ಮನಿಗೆ ಕ್ಯಾನ್ಸರ್, ಟೀಚರ್. ಆಸ್ಪತ್ರೆಯ ಔಷಧದೊಡನೆ ಅರಿಸಿನದ ಗುಳಿಗೆಯನ್ನೂ ಕೊಡುತ್ತಿದ್ದೇನೆ. ಅರಿಸಿನದಿಂದ ಕೇಡೇನು?” ಎಂದಳು. “ಅಮ್ಮನ ಕಣ್ಣು ಹಳದಿಯಾಗಿದೆಯೇ?” ಎಂದು ಕೇಳಿದೆನು. ಹುಡುಗಿ ಸುಮ್ಮನಾದಳು. ಆಕೆಗೆ ಹೇಳಿದ ಪಾಠವನ್ನೇ ಇಲ್ಲಿ ಬರೆಯುತ್ತೇನೆ.

ಅರಿಸಿನಕ್ಕೆ ಬಣ್ಣವನ್ನೀಯುವ ವಸ್ತುವು ಕರ್ಕ್ಯುಮಿನ್. ಪ್ರಯೋಗಶಾಲೆಯಲ್ಲಿ ಅದು ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುವುದುಂಟು. ಮನುಷ್ಯರಲ್ಲಿ ರೋಗವನ್ನು ವಾಸಿಮಾಡುವುದೆಂದು ಸಿದ್ಧವಾಗಿಲ್ಲ. ಅದು ರಕ್ತಕ್ಕೆ ಸೇರುವುದೇ ಅತ್ಯಲ್ಪ. ಕರುಳೂ ಯಕೃತ್ತೂ ಅದನ್ನು ಬೇಗನೆ ಮಾರ್ಪಡಿಸಿ ಹೊರದೂಡುತ್ತವೆ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರ ವರದಿಯೊಂದು ಪ್ರಕಟವಾಯಿತು. 2 ಗ್ರಾಂ ಕರ್ಕ್ಯುಮಿನ್ನಿನೊಡನೆ ಮೆಣಸಿನ ಸತ್ತ್ವವಾದ ಪೈಪರೀನನ್ನು 20 ಮಿಲಿಗ್ರಾಮಿನಷ್ಟು ಕೊಟ್ಟಾಗ, ದೇಹಕ್ಕೆ ದಕ್ಕುವ ಕರ್ಕ್ಯುಮಿನ್ ಸುಮಾರು 20 ಪಟ್ಟು ಹೆಚ್ಚಿತು. ಈಗ ಅನೇಕ ಗುಳಿಗೆಗಳಲ್ಲಿ ಇವೆರಡೂ ಕೂಡಿರುತ್ತವೆ. ಬಾಗಿಲ ಕಾವಲುಗಾರನನ್ನು ಬದಿಗೆ ಸರಿಸಿದಂತಾಯಿತು!

2022ರಲ್ಲಿ ಅಮೆರಿಕದ ವೈದ್ಯರು ಅರಿಸಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ 10 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಪರೀಕ್ಷಿಸಿದ 7 ಗುಳಿಗೆಗಳ ಪೈಕಿ ಮೂರರಲ್ಲಿ ಪೈಪರೀನ್ ಇದ್ದಿತು. 10 ಮಂದಿಯಲ್ಲಿ 7 ಮಂದಿಗೆ ಹುಟ್ಟಿನಿಂದಲೇ ಬಂದ ಒಂದು ವಂಶಗುಣವಿದ್ದಿತು. ಆದುದರಿಂದ ಒಬ್ಬರಿಗೆ ದಕ್ಕಿದ್ದು ಮತ್ತೊಬ್ಬರಿಗೂ ದಕ್ಕೀತೆಂದು ನಂಬಲಾಗದು.

ಹಾಗಾದರೆ ಸಾರಿನ ಅರಿಸಿನವನ್ನು ಬಿಡಬೇಕೇ? ಬೇಡ. 1 ಗ್ರಾಂ ಅರಿಸಿನದಲ್ಲಿ ಕರ್ಕ್ಯುಮಿನ್ ಸುಮಾರು 30 ಮಿಲಿಗ್ರಾಂ ಮಾತ್ರ; 2 ಗ್ರಾಂ ಬೇಕಾದರೆ 60 ಗ್ರಾಮಿಗೂ ಮಿಕ್ಕ ಅರಿಸಿನವನ್ನು ತಿನ್ನಬೇಕಾದೀತು.

ಅಪಾಯವನ್ನು ತಗ್ಗಿಸುವ ಮಾರ್ಗಗಳಿವು. ಅರಿಸಿನವು ಅಡಿಗೆಯಲ್ಲಿರಲಿ. ವೈದ್ಯರನ್ನು ಕೇಳದೆ ಗುಳಿಗೆ ಬೇಡ. ಮೆಣಸಿನ ಸತ್ತ್ವ ಕೂಡಿದ್ದಂತೂ ಬೇಡವೇ ಬೇಡ. ಹಸಿವು ಕೆಡುವುದು, ವಾಕರಿಕೆ, ಮೈ ತುರಿಕೆ, ಕಂದುಬಣ್ಣದ ಮೂತ್ರ, ಹಳದಿ ಕಣ್ಣು ಇವುಗಳಲ್ಲಿ ಯಾವುದು ಕಂಡರೂ ಗುಳಿಗೆಯನ್ನು ಒಡನೆ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ನಿಲ್ಲಿಸಿದವರಲ್ಲಿ ಬಹುಮಂದಿ ಚೇತರಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ವೈದ್ಯರಿಂದ ಏನನ್ನೂ ಮುಚ್ಚಿಡಬಾರದು. ಕ್ಯಾನ್ಸರಿನ ಕೆಲವು ಔಷಧಗಳೂ ಯಕೃತ್ತನ್ನು ನೋಯಿಸುತ್ತವೆ. ಗುಳಿಗೆಯ ಸಂಗತಿ ತಿಳಿಯದಿದ್ದರೆ ವೈದ್ಯರು ಬೇಕಾದ ಔಷಧವನ್ನೇ ನಿಲ್ಲಿಸಿಯಾರು.

ಆ ಹುಡುಗಿ ಮರುದಿನವೇ ಗುಳಿಗೆಯ ಸೀಸೆಯನ್ನು ವೈದ್ಯರ ಮುಂದಿಟ್ಟಳು. ಕೆಲವು ವಾರಗಳಲ್ಲಿ ತಾಯಿಯ ಕಣ್ಣು ತಿಳಿಯಾಯಿತು. ನಿಂತಿದ್ದ ಚಿಕಿತ್ಸೆ ಮುಂದುವರಿಯಿತು. ತಾಯಿಯ ಮೇಲಣ ಪ್ರೀತಿಯಿಂದಲೇ ಆಕೆ ಗುಳಿಗೆ ಕೊಟ್ಟಿದ್ದಳು. ಪ್ರೀತಿಯ ಜೊತೆಗೆ ವಿಚಾರಿಸಿ ತಿಳಿಯುವ ಅಭ್ಯಾಸವೂ ನಮ್ಮ ಹೆಣ್ಣುಮಕ್ಕಳಿಗೆ ಇರಲಿ.