ಲಿವರ್ ಕಾಯಿಲೆಗೆ ಹಾಸಿಗೆಯೇ ಮದ್ದಲ್ಲ

ಸಂಘದ ವೈದ್ಯಕೀಯ ನೆರವು ಕೋರಿ ಬರುವವರಲ್ಲಿ ಹೆಪಟೈಟಿಸ್ ಬಿ ಇರುವವರು ಕಾಯಿಲೆಯ ಹೆಸರನ್ನು ಮೆಲುದನಿಯಲ್ಲಿ ಹೇಳುತ್ತಾರೆ. ಜೊತೆಗೆ ಬಂದ ಮನೆಯವರು ಮಾತ್ರ ಗಟ್ಟಿಯಾಗಿಯೇ ಹೇಳುವುದುಂಟು: "ಲಿವರ್ ತೊಂದರೆ ನೋಡಿ, ಹಾಸಿಗೆಯಿಂದ ಏಳಲು ಬಿಟ್ಟಿಲ್ಲ." ಪ್ರೀತಿಯಿಂದ ಮಾಡುವ ಈ ಉಪಚಾರದ ಬಗ್ಗೆಯೇ ಸದಸ್ಯರ ಗಮನಕ್ಕೆ ನಾಲ್ಕು ಮಾತು.

ಹೊಸದಾಗಿ ಕಾಮಾಲೆ ಬಂದು ಸುಸ್ತಾದಾಗ ವಿಶ್ರಾಂತಿ ಸರಿ. ವರ್ಷಗಟ್ಟಲೆ ಉಳಿಯುವ ಸೋಂಕಿನ ಲೆಕ್ಕ ಬೇರೆ. ಮಲಗಿಯೇ ಇದ್ದರೆ ತೊಡೆ, ತೋಳುಗಳ ಸ್ನಾಯು ಕರಗುತ್ತದೆ. ರಕ್ತದಲ್ಲಿನ ಅಮೋನಿಯಾವನ್ನು ತೆಗೆಯುವುದು ಮುಖ್ಯವಾಗಿ ಲಿವರ್‌ನ ಕೆಲಸ; ಲಿವರ್ ಸೋತಾಗ ಅದರ ಒಂದು ಪಾಲನ್ನು ಸ್ನಾಯುಗಳು ಹೊರುತ್ತವೆ. ಅವೂ ಕರಗಿದರೆ ಮಂಪರು, ಗೊಂದಲ ಕವಿಯುವ ಅಪಾಯ ಹೆಚ್ಚು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ತಪಾಸಣೆ, ಔಷಧಿ ಉಚಿತ. ಆದರೆ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆಯೇ ಹೊರತು ಕರಗಿದ ಸ್ನಾಯುವನ್ನು ಕಟ್ಟಿಕೊಡುವುದಿಲ್ಲ.

ಪಾರ್ಕಿಗೆ ಹೋಗಿ ನಡೆಯಿರಿ ಎನ್ನುವುದು ಸುಲಭ. ನಮ್ಮ ದೆಹಲಿಯಲ್ಲಿ ನವೆಂಬರಿನ ಹೊಗೆ, ಮೇ ತಿಂಗಳ ಲೂ ಗಾಳಿ ಎರಡೂ ಬಿಡವು. ಆದ್ದರಿಂದ ಲಕ್ಷ್ಮೀನಗರದ ಒಂದೇ ಕೋಣೆಯ ಮನೆಯಲ್ಲೂ ಆಗುವಂಥದ್ದನ್ನು ಹೇಳುತ್ತೇನೆ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈ ಕಟ್ಟಿಕೊಂಡು ಎದ್ದು ನಿಲ್ಲಿ, ನಿಧಾನವಾಗಿ ಕುಳಿತುಕೊಳ್ಳಿ. ಮೊದಲ ವಾರ ಐದು ಸಲ ಸಾಕು. ಆಗದಿದ್ದರೆ ಕೈ ಊರಿಯೇ ಏಳಿ, ನಾಚಿಕೆಯೇನಿಲ್ಲ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಅಂಗೈ ಒತ್ತಿ ಮುಂದೆ ಬಾಗಿ, ಹಿಂದೆ ಸರಿಯಿರಿ. ಉಳಿದ ಹೊತ್ತು ಮನೆಯೊಳಗೇ ನಡಿಗೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಾರಕ್ಕೆ 150 ನಿಮಿಷ ಗುರಿ. ಹತ್ತು ಹತ್ತು ನಿಮಿಷವಾಗಿ ಒಡೆದರೂ ಆದೀತು.

ಸಿರೋಸಿಸ್ ಆಗಿರುವವರು, ಹೊಟ್ಟೆಯಲ್ಲಿ ನೀರು ತುಂಬಿದವರು, ಅನ್ನನಾಳದ ರಕ್ತನಾಳ ಉಬ್ಬಿದೆ ಎಂದು ಎಂಡೋಸ್ಕೋಪಿಯಲ್ಲಿ ತಿಳಿದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಅವರಿಗೆ ಭಾರ ಎತ್ತುವುದು, ಉಸಿರು ಬಿಗಿಹಿಡಿದು ಮುಕ್ಕುವುದು ಬೇಡ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಮಾತಿನಲ್ಲಿ ಗೊಂದಲ ಕಂಡರೆ ವ್ಯಾಯಾಮದ ಮಾತು ಬಿಟ್ಟು ನೇರ ಆಸ್ಪತ್ರೆಗೆ ಹೊರಡಿ.

ಊಟವಿಲ್ಲದೆ ಸ್ನಾಯು ಬೆಳೆಯದು. ಬೇಳೆ, ಮೊಸರು, ಮೊಟ್ಟೆ ನಿಲ್ಲಿಸಿ ಬರೀ ಗಂಜಿ ಕೊಡುವ ಪಥ್ಯವನ್ನು ವೈದ್ಯರು ಹೇಳದೆ ನಾವೇ ಮಾಡಬಾರದು. ಸಿರೋಸಿಸ್ ಇದ್ದರೆ ರಾತ್ರಿಯಿಡೀ ಹೊಟ್ಟೆ ಖಾಲಿ ಇರುವಾಗ ದೇಹ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಮಲಗುವ ಮುನ್ನ ಒಂದು ಲೋಟ ರಾಗಿ ಅಂಬಲಿಯೋ, ಹಾಲು ಅವಲಕ್ಕಿಯೋ ಇರಲಿ.

ದಾನಿಗಳಲ್ಲಿ ಹಣದ ಜೊತೆಗೆ ಇನ್ನೊಂದು ಕೋರಿಕೆ. ಒಬ್ಬರೇ ಮಾಡುವ ವ್ಯಾಯಾಮ ಎರಡನೇ ವಾರಕ್ಕೆ ನಿಲ್ಲುತ್ತದೆ. ಹೆಪಟೈಟಿಸ್ ಬಿ ಒಟ್ಟಿಗೆ ಕುಳಿತರೆ, ಕೈ ಹಿಡಿದರೆ, ಒಂದೇ ತಟ್ಟೆಯಲ್ಲಿ ತಿಂದರೆ ಹರಡುವುದಿಲ್ಲ; ರೇಜರ್, ಟೂತ್‌ಬ್ರಷ್ ಬೇರೆ ಇದ್ದು, ಮನೆಮಂದಿಗೆ ಲಸಿಕೆ ಆಗಿರಬೇಕು. ನಿಮ್ಮ ಕಾಲೊನಿಯ ರೋಗಿಯೊಬ್ಬರ ಮನೆಗೆ ವಾರಕ್ಕೆರಡು ಸಂಜೆ ಹೋಗಿ ಜೊತೆಗೆ ಕುರ್ಚಿಯಿಂದ ಎದ್ದು ಕೂರಲು ಒಪ್ಪುವವರು ಸಂಘದ ಕಚೇರಿಗೆ ತಿಳಿಸಿ. ರೋಗಿಯ ಒಪ್ಪಿಗೆ ಪಡೆದ ಮೇಲೆಯೇ ಅವರ ಹೆಸರು ನಿಮಗೆ ಹೇಳುತ್ತೇವೆ.