ತೋಟದ ಮನೆಗೆ ಬಂದ ಅತಿಥಿ ಏನನ್ನು ನೋಡುತ್ತಾನೆ?



ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟದ ಮನೆಯವರು ಒಂದೆರಡು ಕೋಣೆಗಳನ್ನು ಪರವೂರಿನವರಿಗೆ ಬಾಡಿಗೆಗೆ ಕೊಟ್ಟು, ಮನೆಯ ಅಡಿಗೆಯನ್ನೇ ಬಡಿಸುವ ಪದ್ಧತಿ ಬೆಳೆದು ಬಂದಿದೆ. ಇದಕ್ಕೆ ಹೋಂ ಸ್ಟೇ ಎನ್ನುತ್ತಾರೆ. ಕಾಫಿ, ಮೆಣಸಿನ ಧಾರಣೆ ಇಳಿದ ವರ್ಷ ಈ ಹಣ ಸಂಸಾರಕ್ಕೆ ಆಸರೆಯಾಗುತ್ತದೆ. ನಮ್ಮ ಬ್ಲಾಕಿನ ಮಲೆಸೀಮೆಯ ಹಳ್ಳಿಗಳಲ್ಲಿಯೂ ಕೆಲವರು ಇದನ್ನು ಆರಂಭಿಸುವ ವಿಚಾರದಲ್ಲಿದ್ದಾರೆ. ಅಂಥವರು ಮೊದಲು ಅತಿಥಿಯ ಕಣ್ಣಿನಿಂದ ತಮ್ಮ ಮನೆಯನ್ನು ನೋಡುವುದು ಒಳ್ಳೆಯದು.

ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ಅಷ್ಟು ದೂರ ಬಂದವನಿಗೆ ಮೊದಲು ಬೇಕಾದುದು ಹಂಡೆಯ ಬಿಸಿನೀರು, ಒಣಗಿದ ಹಾಸಿಗೆ, ಒಂದು ಲೋಟ ಕಾಫಿ. ಇವಿಷ್ಟು ಸರಿಯಾಗಿದ್ದರೆ ಗೋಡೆಯ ಬಣ್ಣ ಮಾಸಿದ್ದನ್ನು ಆತ ಗಮನಿಸುವುದಿಲ್ಲ. ಹೋಟೆಲಿನ ತಿಂಡಿ ಮಾಡಿಕೊಡಬೇಕೆಂದು ಕೆಲವರು ಒದ್ದಾಡುತ್ತಾರೆ. ಅದು ವ್ಯರ್ಥ ಶ್ರಮ. ಅದನ್ನು ಆತ ಪೇಟೆಯಲ್ಲಿಯೇ ತಿಂದು ಬಂದಿರುತ್ತಾನೆ. ಕಡುಬು, ಅಕ್ಕಿ ರೊಟ್ಟಿ, ನೂಪುಟ್ಟು, ಕಾಚಂಪುಳಿ ಹಾಕಿದ ಸಾರು, ಮಳೆಗಾಲದ ಕಳಲೆ ಪಲ್ಯ, ಇವನ್ನು ಊರಿಗೆ ಹೋದ ಮೇಲೂ ನೆನೆಯುತ್ತಾನೆ.

ತಮಗೆ ದಿನನಿತ್ಯದ ಕೆಲಸವಾದುದು ಅವನಿಗೆ ಹೊಸತು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾಗಿ ಘಮಘಮಿಸುವುದು ಕೆಲವೇ ದಿನ. ಆ ದಿನಗಳನ್ನು ಗುರುತಿಸಿ ಮುಂಚೆಯೇ ತಿಳಿಸಿದರೆ ಅದಕ್ಕಾಗಿಯೇ ಬರುವವರಿದ್ದಾರೆ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಹರಡುವುದನ್ನು ಮಕ್ಕಳಿಗೆ ತೋರಿಸಿರಿ. ಆದರೆ ಹಣ್ಣು ಕೊಯ್ಯುವ ಹೆಂಗಸರ ಚಿತ್ರ ತೆಗೆಯುವ ಮೊದಲು ಅವರ ಒಪ್ಪಿಗೆ ಕೇಳುವಂತೆ ಅತಿಥಿಗೆ ಹೇಳಲು ಸಂಕೋಚಪಡಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು ನೀರು. ಬಂದ ಮಗುವಿಗೆ ವಾಂತಿಭೇದಿ ಹಿಡಿಯಿತೆಂದರೆ ಮನೆಯ ಹೆಸರು ಕೆಡುವುದಷ್ಟೇ ಅಲ್ಲ, ಒಂದು ಜೀವದ ಪ್ರಶ್ನೆ. ಪಾಯಿಖಾನೆಯ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಗಡೆ ಇರಲಿ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಪ್ರಮಾಣ 1000 ಲೀಟರಿಗೆ ಸುಮಾರು 2.5 ಗ್ರಾಂ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9400 ಲೀಟರ್ ಆಯಿತು. ಅದಕ್ಕೆ 24 ಗ್ರಾಂ ಸಾಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬೆರೆಸಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದಿರಿ. ಕುಡಿಯುವುದಕ್ಕೆ ಕುದಿಸಿ ಆರಿಸಿದ ನೀರನ್ನೇ ಕೊಡಿ.

ಬರುವ ಮೊದಲೇ ನಿಜ ಹೇಳುವುದು ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡದು, ಇಂಬಳ ಹತ್ತುತ್ತದೆ, ಕರೆಂಟು ಹೋಗುತ್ತದೆ ಎಂದು ಫೋನಿನಲ್ಲಿಯೇ ತಿಳಿಸಿರಿ. ಹೇಳಿದ್ದರೆ ಇಂಬಳ ನಗೆಯ ಮಾತಾಗುತ್ತದೆ, ಹೇಳದಿದ್ದರೆ ಮೋಸವಾಗುತ್ತದೆ. ಆನೆ ತಿರುಗುವ ಕಡೆ ಮುಸ್ಸಂಜೆ, ಮುಂಜಾನೆ ತೋಟದೊಳಗೆ ಒಬ್ಬರೇ ಹೋಗಕೂಡದು, ತುಂಬಿದ ಹೊಳೆಗೆ ಇಳಿಯಕೂಡದು ಎಂಬುದನ್ನು ಮನೆಯ ಹಿರಿಯರೇ ಖಡಾಖಂಡಿತವಾಗಿ ಹೇಳಬೇಕು.

ಇಷ್ಟೆಲ್ಲ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ? ಮನೆಯೊಡತಿಯ ಮೇಲೆ. ಕೊಟ್ಟಿಗೆ, ಅಡಿಗೆ, ಮಕ್ಕಳ ಜೊತೆಗೆ ನಾಲ್ಕು ಜನ ಅತಿಥಿಗಳು. ಆಕೆಯನ್ನು ಕೇಳದೆ ಕೋಣೆ ಕಟ್ಟಿಸಬೇಡಿ. ಬಂದ ಹಣದ ಲೆಕ್ಕ ಆಕೆಯ ಕೈಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಒಲ್ಲದ ಮನಸ್ಸಿನಿಂದ ಬಡಿಸಿದ ಊಟ ಅತಿಥಿಗೂ ಗೊತ್ತಾಗುತ್ತದೆ.

ಸಾಲ ಮಾಡಿ ದೊಡ್ಡ ಕಟ್ಟಡ ಎಬ್ಬಿಸುವ ಆತುರವೂ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಪ್ರವಾಸಿಗಳು ಬರುವುದು ನಿಂತುಹೋಯಿತು. ತೋಟವಿದ್ದವರಿಗೆ ತೋಟ ಉಳಿಯಿತು, ಬರೀ ಕೋಣೆಗಳನ್ನು ನಂಬಿದವರಿಗೆ ಕಷ್ಟವಾಯಿತು. ಇರುವ ಮನೆಯಲ್ಲಿಯೇ ಒಂದು ಕೋಣೆ ಸರಿಪಡಿಸಿ ಒಂದು ವರ್ಷ ನೋಡಿರಿ.

ಆರಂಭಕ್ಕೆ ಮುಂಚೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು. ಬಂದವರ ಹೆಸರು, ಗುರುತಿನ ಚೀಟಿಯ ವಿವರವನ್ನು ಪುಸ್ತಕದಲ್ಲಿ ಬರೆದಿಡಿ. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಬಾವಿಯ ಅಳತೆ ತಿಳಿಯದವರು ಹಗ್ಗವೊಂದನ್ನು ಸಿದ್ಧವಾಗಿಟ್ಟುಕೊಳ್ಳಿ, ಹಳ್ಳಿಗೆ ಬಂದಾಗ ಕೂಡಿ ಲೆಕ್ಕ ಹಾಕೋಣ.